ಐಸ್‌ಕ್ರೀಮಿಲ್ಲದ ಕಡ್ಡಿಗಳು

ನಮ್ಮ ಇಲವಾಲದ ಫ್ಯಾನ್ಸಿ ಸ್ಟೋರಿನಲ್ಲಿ ಐಸ್‌ಕ್ರೀಮ್ ಕಡ್ಡಿಗಳು ಕಟ್ಟುಗಟ್ಟಲೆ ಮಾರಾಟಕ್ಕಿವೆ. ಐಸ್‌ಕ್ರೀಮನ್ನೇ ಕಾಣದ, ಯಾರ ನಾಲಿಗೆಯೂ ಸೋಕದ ಹೊಚ್ಚ ಹೊಸ ಕಡ್ಡಿಗಳು. ಬಣ್ಣದವು ಬೇಕೆಂದರೆ ಅವೂ ಉಂಟು. ಪಕ್ಕದಲ್ಲೇ ಹೊಸ ಪೇಪರ್ ಕಪ್ಪುಗಳು, ಥರ್ಮೋಕೋಲ್ ಹಾಳೆಗಳು, ಮಿನುಗುವ ಪುಡಿಯ ಡಬ್ಬಿಗಳು. ‘ಏನಪ್ಪಾ, ಯಾರ ಮನೆ ಮದುವೆ?’ ಎಂದು ಕೇಳಿದೆ. ‘ಮದುವೆ ಅಲ್ಲ ಮೇಡಂ, ಸ್ಕೂಲಿಗೆ. ಈ ವಾರ ಮಕ್ಕಳಿಗೆಲ್ಲ ವೇಸ್ಟ್ ಮೆಟೀರಿಯಲ್‌ನಲ್ಲಿ ಏನಾದರೂ ಮಾಡಿಕೊಂಡು ಬನ್ನಿ ಅಂದಿದ್ದಾರೆ’ ಎಂದ ಅಂಗಡಿಯ ಹುಡುಗ, ನನ್ನ ಹಿಂದೆ ನಿಂತಿದ್ದ ತಾಯಂದಿರಿಗೆ ಕಡ್ಡಿಯ ಕಟ್ಟು ಎಣಿಸಿ ಕೊಡುತ್ತಾ.

ನನ್ನ ಕೈಯಲ್ಲೂ ಒಂದು ಚೀಟಿಯಿತ್ತು. ಏಳನೇ ತರಗತಿಯ ಮಗಳು ಬರೆದುಕೊಟ್ಟದ್ದು. ವಿಷಯ: ಕಸದಿಂದ ರಸ. ಬೇಕಾದ ಸಾಮಾನು: ಒಂಬತ್ತು. ಕಸ ಇಷ್ಟು ದುಬಾರಿಯಾದದ್ದು ಯಾವಾಗ ಎಂದು ಯೋಚಿಸುತ್ತಾ, ಒಂದು ಟ್ಯೂಬ್ ಗೋಂದನ್ನೂ ಕೊಳ್ಳದೆ ಮನೆಗೆ ಬಂದೆ. ನಮ್ಮ ಮನೆಯಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಕಸಕ್ಕೆ ಬರವಿಲ್ಲ.

ಕಸದಿಂದ ರಸ ಎಂಬ ಮಾತು ನನ್ನ ತಲೆಮಾರಿನವರಿಗೆ ಹೊಸದೇನಲ್ಲ. ಸುಟ್ಟುಹೋದ ಬಲ್ಬಿಗೆ ಬಣ್ಣ ಬಳಿದು ಮಾಡಿದ ಪೆಂಗ್ವಿನ್, ಹಳೆಯ ಪ್ಲಾಸ್ಟಿಕ್ ಬಳೆಗಳಿಗೆ ಉಲ್ಲನ್ ಸುತ್ತಿದ ಬಾಗಿಲ ತೋರಣ, ಮದುವೆ ಕರೆಯೋಲೆಗಳಿಂದ ಕತ್ತರಿಸಿದ ಗಣಪತಿಗಳನ್ನು ಅಂಟಿಸಿದ ಆಲ್ಬಮ್, ಇವಿಲ್ಲದ ಮನೆಯೇ ಇರಲಿಲ್ಲವೆನ್ನಿ. ಎಲ್ಲವೂ ಚೆಂದವಿದ್ದವೆಂದು ನಾನು ಹೇಳಲಾರೆ. ನಮ್ಮ ದೊಡ್ಡಮ್ಮನ ಶೋಕೇಸಿನಲ್ಲಿದ್ದ ಪೆಂಗ್ವಿನ್ ಯಾವ ದಿಕ್ಕಿನಿಂದ ನೋಡಿದರೂ ಮಳೆಯಲ್ಲಿ ನೆಂದ ಕಾಗೆಯಂತೆಯೇ ಕಾಣುತ್ತಿತ್ತು. ಆದರೆ ಆ ಬಲ್ಬು ಮಾತ್ರ ನಿಜವಾಗಿಯೂ ಸುಟ್ಟುಹೋದದ್ದು. ಅದರ ಬೆಳಕಿನಲ್ಲಿ ಯಾರೋ ಪರೀಕ್ಷೆಗೆ ಓದಿದ್ದರು.

ಮೈಸೂರು ಕಡೆಯ ಮಕ್ಕಳಿಗೆ ಈ ವಿದ್ಯೆ ಕಲಿಸಿದ ದೊಡ್ಡ ಶಾಲೆಯೆಂದರೆ ದಸರಾ ಗೊಂಬೆ. ನವರಾತ್ರಿಯ ಹೊತ್ತಿಗೆ ಟ್ರಂಕು, ಹಲಗೆ, ಡಬ್ಬಗಳನ್ನು ಪೇರಿಸಿ ಮೆಟ್ಟಿಲು ಮಾಡಿ, ಮೇಲೆ ಬಿಳಿ ಪಂಚೆ ಹಾಸಿ, ತುದಿಯಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸುವುದು ಹಿರಿಯರ ಕೆಲಸ. ಮೆಟ್ಟಿಲ ಕೆಳಗಿನ ನೆಲ ಮಕ್ಕಳ ರಾಜ್ಯ. ಅಲ್ಲಿ ಪಾರ್ಕು ಆಗಬೇಕು, ಝೂ ಆಗಬೇಕು, ಚಾಮುಂಡಿ ಬೆಟ್ಟವೂ ಏಳಬೇಕು. ದುಡ್ಡು ಮಾತ್ರ ಯಾರೂ ಕೊಡುವುದಿಲ್ಲ. ಹಾಗಾಗಿ ಒಡೆದ ಕನ್ನಡಿ ಕಾರಂಜಿ ಕೆರೆಯಾಗುತ್ತಿತ್ತು. ವಾರ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಿದ್ದರೆ ಹಬ್ಬಕ್ಕೆ ಸರಿಯಾಗಿ ಹುಲ್ಲುಹಾಸು ಸಿದ್ಧ. ಬೆಂಕಿಪೊಟ್ಟಣ ರೈಲು, ಅಂಗಿಯ ಗುಂಡಿ ಅದರ ಚಕ್ರ, ಸಿಗರೇಟ್ ಪ್ಯಾಕಿನೊಳಗಿನ ಬೆಳ್ಳಿ ಕಾಗದ ಜಲಪಾತ. ನಮ್ಮ ಮನೆಯಲ್ಲಿ ಸೇದುವವರಿಲ್ಲದ್ದರಿಂದ ಆ ಕಾಗದಕ್ಕಾಗಿ ಬೀದಿಯ ಕೊನೆಯ ಪೆಟ್ಟಿಗೆ ಅಂಗಡಿಯ ಮುಂದೆ ಕಾದು ನಿಲ್ಲಬೇಕಾಗುತ್ತಿತ್ತು. ಹಬ್ಬ ಮುಗಿದ ಮೇಲೆ ರಾಗಿ ಪೈರು ಹಸುವಿಗೆ, ಮಣ್ಣು ತುಳಸಿ ಕಟ್ಟೆಗೆ, ಕನ್ನಡಿ ಮತ್ತೆ ಟ್ರಂಕಿಗೆ. ಗುಡಿಸಿ ಎಸೆಯುವುದಕ್ಕೆ ಒಂದು ಹಿಡಿಯೂ ಉಳಿಯುತ್ತಿರಲಿಲ್ಲ.

ನಮ್ಮ ಅತ್ತೆಯವರ ಕಾಲದ ಹೆಣ್ಣುಮಕ್ಕಳು ಒಡೆದ ಗಾಜಿನ ಬಳೆಗಳಿಂದ ಬಾಗಿಲಿಗೆ ಪರದೆಯನ್ನೇ ಮಾಡುತ್ತಿದ್ದರು. ಬಳೆಯ ಚೂರನ್ನು ಚಿಮಟದಲ್ಲಿ ಹಿಡಿದು ಮೇಣದ ಬತ್ತಿಯ ಉರಿಗೆ ಒಡ್ಡಿದರೆ ಸ್ವಲ್ಪ ಹೊತ್ತಿಗೆ ನಡು ಮೆತ್ತಗಾಗುತ್ತದೆ. ಆಗ ಬಗ್ಗಿಸಿ ಎರಡು ತುದಿಗಳನ್ನು ಕೂಡಿಸಿದರೆ ಒಂದು ಕೊಂಡಿ. ಅದರೊಳಗೆ ಇನ್ನೊಂದು ಚೂರನ್ನು ತೂರಿಸಿ ಬಗ್ಗಿಸಿದರೆ ಎರಡನೆಯ ಕೊಂಡಿ. ಹೀಗೆ ಸರಪಳಿ ಇಳಿಯುತ್ತಾ ಹೋಗುತ್ತದೆ. ಮಂಜುಗಡ್ಡೆ ಒಂದು ಗೊತ್ತಾದ ಶಾಖದಲ್ಲಿ ನೀರಾಗಿಬಿಡುತ್ತದೆ. ಗಾಜು ಹಾಗಲ್ಲ, ಬೆಲ್ಲದ ಪಾಕದ ಹಾಗೆ ಬಿಸಿ ಏರಿದಂತೆಲ್ಲ ಮೆಲ್ಲಮೆಲ್ಲನೆ ಸಡಿಲವಾಗುತ್ತದೆ. ಈ ಪಾಠ ಅತ್ತೆಯವರು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಬೆರಳು ಸುಟ್ಟುಕೊಂಡು ಕಲಿತದ್ದು. (ಮಕ್ಕಳೇ, ದೊಡ್ಡವರು ಪಕ್ಕದಲ್ಲಿ ಇಲ್ಲದೆ ಇದನ್ನು ಮಾಡಲು ಹೋಗಬೇಡಿ. ಬಿಸಿ ಗಾಜೂ ತಣ್ಣನೆಯ ಗಾಜೂ ನೋಡುವುದಕ್ಕೆ ಒಂದೇ ಥರ ಇರುತ್ತವೆ.)

ಇದನ್ನೆಲ್ಲ ಹೇಳಿದರೆ ಮಗಳು ‘ಅದೆಲ್ಲ ನಿಮ್ಮ ಕಾಲದ್ದಮ್ಮ’ ಎಂದು ಮುಖ ಸೊಟ್ಟಗೆ ಮಾಡಿದಳು. ಆಗ ಅವಳ ಮುಂದೆ ಗುಜರಿಯವನ ಪರೀಕ್ಷೆಯನ್ನಿಟ್ಟೆ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಗುಜರಿಯವನು ತೂಕ ಹಾಕಿ ಕೊಳ್ಳುತ್ತಾನೆ. ಅದು ಕರಗಿ ಮತ್ತೊಂದು ವಸ್ತುವಾಗುತ್ತದೆ. ಅದೇ ಬಾಟಲಿಗೆ ಬಣ್ಣ ಬಳಿದು, ಗೋಂದಿನಲ್ಲಿ ಬಟ್ಟೆಯ ಹೂ ಅಂಟಿಸಿ, ಮಿನುಗುವ ಪುಡಿ ಉದುರಿಸಿ ಪೆನ್ ಸ್ಟ್ಯಾಂಡು ಮಾಡಿ. ತಿಂಗಳು ಕಳೆದ ಮೇಲೆ ಗುಜರಿಯವನ ಮುಂದಿಟ್ಟು ನೋಡಿ, ಕೈಯಿಂದಲೂ ಮುಟ್ಟುವುದಿಲ್ಲ. ನಾಲ್ಕು ಬಗೆಯ ವಸ್ತುಗಳು ಒಂದಕ್ಕೊಂದು ಕಚ್ಚಿಕೊಂಡರೆ ಬೇರ್ಪಡಿಸುವವರು ಯಾರು? ಕಸವಾಗಿರದಿದ್ದುದನ್ನು ನಾವೇ ಕೈಯಾರೆ ಕಸ ಮಾಡಿದಂತಾಯಿತು. ಥರ್ಮೋಕೋಲಿನ ಕಥೆಯಂತೂ ಕೇಳುವುದೇ ಬೇಡ. ಅದು ಕೊಳೆಯುವುದಿಲ್ಲ, ಪುಡಿಯಾಗಿ ಗಾಳಿಗೆ ಹಾರುತ್ತದೆ, ಸುಟ್ಟರೆ ಕರಿಯ ವಿಷದ ಹೊಗೆ. ನನ್ನ ಲೆಕ್ಕದಲ್ಲಿ ಒಂದು ವಸ್ತುವಿನ ಆಯಸ್ಸನ್ನು ಹೆಚ್ಚಿಸಿದರೆ ಅದು ಕುಶಲಕಲೆ. ಪ್ರದರ್ಶನದ ಮೇಜಿನ ಮೇಲೆ ಎರಡು ಗಂಟೆ ಕೂತು ಬರುವುದಕ್ಕಾಗಿ ಆಯಸ್ಸು ಕಡಿಮೆ ಮಾಡಿದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಶಾಲೆಯ ವೇಳಾಪಟ್ಟಿಯೊಳಗೆ ಕೈಕೆಲಸ ಬಂದದ್ದಾದರೂ ಎಲ್ಲಿಂದ? ಇದಕ್ಕೆ ನಮ್ಮ ಊರಿನ ಮೂಲಕವೇ ಒಂದು ದಾರಿಯಿದೆ. ಇಲವಾಲ ಎಂದರೆ ಹಳಬರಿಗೆ 1957ರ ಸೆಪ್ಟೆಂಬರ್ ನೆನಪಾಗುತ್ತದೆ. ವಿನೋಬಾ ಭಾವೆಯವರ ಗ್ರಾಮದಾನದ ಬಗ್ಗೆ ಚರ್ಚಿಸಲು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ ಮೊದಲಾಗಿ ಹಲವು ಪಕ್ಷಗಳ ನಾಯಕರು ಇಲ್ಲಿ ಸೇರಿದ್ದರು. ಅದಕ್ಕೂ 20 ವರ್ಷ ಹಿಂದೆ, 1937ರಲ್ಲಿ, ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ವಿಚಾರಕ್ಕೆ ರೂಪ ಕೊಟ್ಟ ಝಾಕಿರ್ ಹುಸೇನರ ಸಮಿತಿಯಲ್ಲೂ ಇದೇ ವಿನೋಬಾ ಇದ್ದರು. ಮಗು ನೂಲುತ್ತಾ ಗಣಿತ ಕಲಿಯಲಿ, ಕೈ ತಲೆಗೆ ಪಾಠ ಹೇಳಲಿ ಎಂಬುದು ಅವರ ಆಸೆ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉದ್ದ ಹೆಸರಿನಲ್ಲಿ ಅದನ್ನು ಮತ್ತೆ ಶಿಫಾರಸು ಮಾಡಿತು. ಚರಕದಿಂದ ಹೊರಟದ್ದು ಮಿನುಗುವ ಪುಡಿಗೆ ಬಂದು ಮುಟ್ಟಿದ್ದು ಹೇಗೆಂದು ಶಿಕ್ಷಣ ತಜ್ಞರೇ ಹೇಳಬೇಕು.

ಆ ದಾರಿಯನ್ನು ಬಿಡದೆ ಹಿಡಿದವರೂ ಇದ್ದಾರೆ. ಅರವಿಂದ ಗುಪ್ತ ಅವರು ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರ್. 1978ರಲ್ಲಿ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳ ವಿಜ್ಞಾನ ಪಾಠದ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಅವರಿಗೆ ಹೊಳೆದದ್ದು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ಆಟ. ಟ್ಯೂಬನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಎರಡೂ ಕಡೆಯಿಂದ ಮದ್ದು ಕೆರೆದು ತೆಗೆದ ಕಡ್ಡಿಗಳನ್ನು ಸಿಕ್ಕಿಸುತ್ತಾ ಹೋದರೆ ತ್ರಿಕೋನ, ಚೌಕ, ಮನೆ, ಗೋಪುರ. ಚೌಕವನ್ನು ಬೆರಳಿನಿಂದ ಒತ್ತಿದರೆ ವಾಲುತ್ತದೆ, ತ್ರಿಕೋನ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಸೇತುವೆಗಳ ಪಕ್ಕದ ಕಬ್ಬಿಣದಲ್ಲಿ ತ್ರಿಕೋನಗಳೇ ಏಕೆ ತುಂಬಿರುತ್ತವೆ ಎಂದು ಮಗುವಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಬೇಸರವಾದರೆ ಬಿಚ್ಚಿಟ್ಟು ನಾಳೆ ಬೇರೆಯದನ್ನು ಕಟ್ಟಬಹುದು, ಗೋಂದೇ ಇಲ್ಲವಲ್ಲ! 2018ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ನಮ್ಮ ಮನೆಯಲ್ಲಿ ವಿಷಯ ಇತ್ಯರ್ಥ ಮಾಡಿದವರು ಅತ್ತೆಯವರು. ಚೀಟಿಯನ್ನು ಓದಿಸಿಕೊಂಡು, ಏನೂ ಹೇಳದೆ ಒಳಗೆ ಹೋಗಿ ಟ್ರಂಕಿನ ಬೀಗ ತೆಗೆದರು. ಮಾವನವರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ನಾಲ್ಕು ಅಂಗಿ, ಎರಡು ಪಂಚೆಗಳನ್ನು ಅತ್ತೆಯವರು ನುಸಿಗುಳಿಗೆ ಹಾಕಿ ಮಡಿಸಿಟ್ಟಿದ್ದರು. ‘ಹಳೇ ಪ್ಯಾಂಟು, ಜರಿ ಸೀರೆಗೆ ಸ್ಟೀಲ್ ಪಾತ್ರೆ’ ಎಂದು ಕೂಗಿಕೊಂಡು ಬರುವವರು ಎಷ್ಟು ಸಲ ಬಂದರೂ ಆ ಟ್ರಂಕು ತೆರೆದಿರಲಿಲ್ಲ. ನಾವೂ ಆ ಮಾತು ಎತ್ತಿರಲಿಲ್ಲ.

‘ಬೊಂತೆ ಹೊಲಿಯೋಣ. ಕೂತ್ಕೊಳ್ಳೋವಷ್ಟು ಸಾಕು. ಕತ್ತರಿ ತಾ ಪುಟ್ಟಿ’ ಎಂದರು.

‘ಅಜ್ಜಿ, ತಾತನ ಅಂಗೀನ ಕತ್ತರಿಸ್ತೀರಾ?’

‘ಪೆಟ್ಟಿಗೇಲಿಟ್ಟರೆ ನುಸಿ ತಿನ್ನುತ್ತೆ ಕಣೇ.’

ಮೊದಲ ಅಂಗಿಗೆ ಅವರೇ ಕತ್ತರಿ ಹಾಕಿದರು. ಎರಡನೆಯದರ ಜೇಬಿನ ಹತ್ತಿರ ಬಂದಾಗ ಕೈ ನಿಂತಿತು. ಜೇಬಿನ ಕೆಳಗೆ ನೀಲಿ ಇಂಕಿನ ಒಂದು ಕಲೆ. ಮಾವನವರು ಲೆಕ್ಕ ಬರೆಯುವ ಕೆಲಸದಲ್ಲಿದ್ದವರು. ಇಂಕ್ ಪೆನ್ನನ್ನು ಕೊನೆಯವರೆಗೂ ಬಿಡಲಿಲ್ಲ. ಆ ಕಲೆಯನ್ನು ತೆಗೆಯಲು ಅತ್ತೆಯವರು ನಿಂಬೆಹಣ್ಣು, ಉಪ್ಪು, ಹಾಲು ಎಲ್ಲ ಉಜ್ಜಿ ನೋಡಿ ಸೋತಿದ್ದರಂತೆ. ‘ಇದನ್ನ ಹೀಗೇ ಇಡೋಣ ಅಜ್ಜಿ’ ಎಂದಳು ಮಗಳು. ಜೇಬು ಇಡಿಯಾಗಿ ಉಳಿಯಿತು.

ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ನಡುವೆ ಇಟ್ಟು, ಮೇಲೆ ಕೆಳಗೆ ಅಂಗಿಯ ತುಂಡುಗಳನ್ನು ಜೋಡಿಸಿ, ಸೂಜಿ ಮೇಲೆ ಕೆಳಗೆ ಓಡಿಸುವ ಸಾದಾ ಹೊಲಿಗೆ. ದಾರ ಒಂದು ಮೊಳಕ್ಕಿಂತ ಉದ್ದ ತೆಗೆದರೆ ಸಿಕ್ಕಾಗುತ್ತದೆ. ತುಂಡಿನ ಅಂಚನ್ನು ಒಳಗೆ ಮಡಿಸದಿದ್ದರೆ ಎರಡೇ ಒಗೆತಕ್ಕೆ ನೂಲು ಬಿಡುತ್ತದೆ. ತೆಳ್ಳಗಾದ ಬೆನ್ನಿನ ಬಟ್ಟೆ ಒಳಪದರಕ್ಕೆ, ಗಟ್ಟಿಯಿರುವ ಅಂಚಿನ ಬಟ್ಟೆ ಹೊರಕ್ಕೆ. ನಾಲ್ಕು ಸಂಜೆ ಟಿವಿ ಹಚ್ಚಲಿಲ್ಲ. ಮಗಳ ಹೊಲಿಗೆ ಮೊದಲ ಸಾಲಿನಲ್ಲಿ ಹಾವಿನಂತೆ ಹರಿದು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ನೇರವಾಗಿತ್ತು. ಒಂದೇ ಬೊಂತೆಯಲ್ಲಿ ಅವಳು ಕಲಿತದ್ದೆಲ್ಲ ಕಣ್ಣಿಗೆ ಕಾಣುತ್ತದೆ.

ನಮ್ಮ ಬೊಂತೆಯೇ ಉತ್ತರ ಕರ್ನಾಟಕದ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೊಲಿಯುವುದಕ್ಕೆ ಕವಂದಿ ಎನ್ನುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ನಮ್ಮ ಪಶ್ಚಿಮ ಕರಾವಳಿಗೆ ಬಂದವರ ಪೀಳಿಗೆ ಅವರದು. ಬಹುಮಂದಿಯ ಪೂರ್ವಜರನ್ನು ಗುಲಾಮರನ್ನಾಗಿ ತಂದದ್ದು. ಅವರು ಹೊಲಿಗೆಯನ್ನು ಅಂಚಿನಿಂದ ಶುರುಮಾಡಿ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿದ ಹೂವು ಕೂರಿಸುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಮೈಮೇಲೆ ಬಟ್ಟೆಯಿಲ್ಲದ ಹಾಗೆ. ಹರಿದ ಬಟ್ಟೆಗಳಿಂದ ಹುಟ್ಟಿದ ಈ ಕವಂದಿಗಳು ಅಮೆರಿಕದವರೆಗೆ ಪ್ರದರ್ಶನಕ್ಕೆ ಹೋಗಿ ಬಂದಿವೆ. ಇದನ್ನು ಹೇಳಿದ ಮೇಲೆ ಮಗಳು ತನ್ನ ಬೊಂತೆಯ ಮೂರು ಮೂಲೆಗಳಿಗೆ ಹೂವು ಮಡಿಸಿದಳು. ನಾಲ್ಕನೆಯ ಮೂಲೆಗೆ ತಾತನ ಜೇಬು.

ಪ್ರದರ್ಶನದ ದಿನ ನಾನೂ ಹೋಗಿದ್ದೆ. ಶಾಲೆಯ ಹೆಸರು ಬೇಡ ಬಿಡಿ, ಯಾವ ಶಾಲೆಯಲ್ಲಾದರೂ ಹೀಗೆಯೇ ಇರುತ್ತಿತ್ತೇನೋ. ಮೇಜುಗಳ ಮೇಲೆ ಕಡ್ಡಿಯ ಅರಮನೆಗಳು, ಥರ್ಮೋಕೋಲಿನ ತಾಜಮಹಲು, ಕಪ್ಪುಗಳ ನವಿಲು ಥಳಥಳಿಸುತ್ತಿದ್ದವು. ಅಪ್ಪ ಅಮ್ಮಂದಿರ ಕಣ್ಣಲ್ಲಿ ರಾತ್ರಿಯ ನಿದ್ದೆಗೇಡು. ತುದಿಯಲ್ಲಿ ನಮ್ಮ ಬೊಂತೆ ಮಡಿಸಿಕೊಂಡು ಕೂತಿತ್ತು, ಜೇಬು ಮೇಲಾಗಿ. ಹತ್ತಕ್ಕೆ ಐದು ಅಂಕ. ಚೀಟಿಯಲ್ಲಿ ಕೆಂಪು ಇಂಕಿನಲ್ಲಿ ಒಂದು ಸಾಲು: ‘ಕಲೆಯಿಲ್ಲದ ಸ್ವಚ್ಛ ಬಟ್ಟೆ ಬಳಸಬೇಕಿತ್ತು.’ ಟೀಚರನ್ನು ದೂರಿ ಏನು ಪ್ರಯೋಜನ? ಅಷ್ಟೊಂದು ಮಕ್ಕಳ ಕೆಲಸವನ್ನು ಒಂದೇ ಗಂಟೆಯಲ್ಲಿ ನೋಡಿ ಮುಗಿಸಬೇಕು. ಇಂಕಿನ ಕಲೆಯ ಚರಿತ್ರೆ ಕೇಳುವುದಕ್ಕೆ ಅವರಿಗೆ ಪುರುಸೊತ್ತೆಲ್ಲಿ? ಹಾಗೆಂದು ಆ ಐದು ಅಂಕ ಸರಿಯೆಂದು ನಾನು ಒಪ್ಪುವುದಿಲ್ಲ. ಕಸದಿಂದ ರಸ ಎಂದು ಕೇಳಿದ ಮೇಲೆ, ಬಂದದ್ದು ಹಿಂದೆ ಏನಾಗಿತ್ತು ಎಂಬ ಒಂದು ಪ್ರಶ್ನೆಯನ್ನಾದರೂ ಮಗುವಿಗೆ ಕೇಳಬೇಕು.

ದಾರಿಯಲ್ಲಿ ಮಗಳು ತುಟಿ ಬಿಚ್ಚಲಿಲ್ಲ. ಮನೆಯ ಗೇಟಿನ ಹತ್ತಿರ ನನ್ನ ಸೆರಗು ಜಗ್ಗಿ, ‘ಅಜ್ಜಿಗೆ ಹೇಳ್ಬೇಡಮ್ಮ’ ಎಂದಳು. ಚೀಟಿಯನ್ನು ಕಿತ್ತು ಲೆಕ್ಕದ ಪುಸ್ತಕದೊಳಗೆ ಸೇರಿಸಿದಳು.

‘ಟೀಚರ್ ಏನಂದರೇ?’ ಎಂದು ಅತ್ತೆಯವರು ಜಗಲಿಯಿಂದಲೇ ಕೇಳಿದರು.

‘ಹೊಲಿಗೆ ಚೆನ್ನಾಗಿದೆ ಅಂದ್ರು ಅಜ್ಜಿ.’

ಅತ್ತೆಯವರು ಬೊಂತೆಯನ್ನು ಈಸಿಕೊಂಡು, ಕೊಡವಿ, ಜಗಲಿಯ ಮೇಲೆ ಹಾಸಿ ಕೂತರು. ಈಗ ದಿನವೂ ಅದರ ಮೇಲೆಯೇ ಕೂತು ಹೂ ಕಟ್ಟುತ್ತಾರೆ. ಬಾಳೆನಾರನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಮೊನ್ನೆ ನಮ್ಮನೆಯವರು ಗಾಳಿಗೆ ಮುರಿದ ಕೊಡೆಯನ್ನು ಬಚ್ಚಲ ಮೂಲೆಗೆ ಎಸೆದಿದ್ದನ್ನು ಅಲ್ಲಿಂದಲೇ ಕಂಡು, ‘ಪುಟ್ಟಿ, ಅದನ್ನ ಇಲ್ಲಿ ತಾ. ಕಡ್ಡಿ ಬೇರೆ ಮಾಡು, ಬಟ್ಟೇಲಿ ನಿನ್ನ ಟಿಫನ್ ಡಬ್ಬಿಗೆ ಚೀಲ ಆಗುತ್ತೆ, ಮಳೇಲಿ ನೆನೆಯಲ್ಲ’ ಎಂದರು. ಅವಳು ಚಪ್ಪಲಿಯನ್ನೂ ಬಿಡದೆ ಬಚ್ಚಲಿನ ಕಡೆಗೆ ಓಡಿದಳು.