ಅಕ್ಷರದಲ್ಲಿ ನಮ್ಮ ಅಜ್ಜಿ

ಈ ಸಲ ದಸರಾ ರಜೆಯಲ್ಲಿ ನಾನು ಬೆಂಗಳೂರಿನ ತ್ಯಾಗರಾಜನಗರದಲ್ಲಿರುವ ಮಾವನ ಮನೆಗೆ ಹೋಗಿದ್ದೆ. ನಮ್ಮ ಅಜ್ಜಿನೂ ಅಲ್ಲೇ ಇದ್ದಾಳೆ. ಅಲ್ಲಿ ನಾನು ಕಲಿತದ್ದು ಫೋಟೋ ಇಟ್ಟುಕೊಂಡು ಬರೀ ಅಕ್ಷರಗಳಿಂದಲೇ ಮುಖ ಮೂಡಿಸುವ ವಿದ್ಯೆ.

ಮಾವ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು. ಆದರೂ ಅವರ ಕೈ ಸುಮ್ಮನಿರುವುದಿಲ್ಲ. ಈ ವಿದ್ಯೆ ಹೊಸದೇನಲ್ಲ ಎಂದು ಅವರು ಹೇಳಿದರು. ನಮ್ಮ ಹಳೇ ಕವಿಗಳು ಪದ್ಯದ ಅಕ್ಷರಗಳನ್ನು ತಾವರೆ, ಕತ್ತಿ ಆಕಾರದಲ್ಲಿ ಕೂರಿಸುತ್ತಿದ್ದರು. ಅದಕ್ಕೆ ಚಿತ್ರಬಂಧ ಎನ್ನುತ್ತಾರೆ. ಫ್ರಾನ್ಸಿನ ಕವಿ ಅಪೊಲಿನೇರ್ ಚಿತ್ರದ ಹಾಗೆ ಜೋಡಿಸಿದ ಪದ್ಯಗಳ ಪುಸ್ತಕ 1918ರಲ್ಲಿ ಬಂತು. ಬೆಂಗಳೂರಿನ ಎ.ಸಿ. ಗುರುಮೂರ್ತಿಯವರು ಟೈಪ್‌ರೈಟರಿನಲ್ಲೇ ಗಣ್ಯರ ಮುಖಗಳನ್ನು ಮೂಡಿಸಿ ಹೆಸರಾದರು.

ಮಾಡುವ ಕ್ರಮ ಹೀಗಿದೆ. ಕಿಟಕಿ ಪಕ್ಕ ಕೂರಿಸಿ ಫೋಟೋ ತೆಗೆಯಬೇಕು. ಆಗ ಮುಖದ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು ಬರುತ್ತದೆ. ಅದನ್ನು ದೊಡ್ಡದಾಗಿ ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಡಬೇಕು. ಕಪ್ಪಿರುವ ಕಡೆ ದಪ್ಪ ಅಕ್ಷರ ಒತ್ತೊತ್ತಾಗಿ, ಬೆಳಕಿರುವ ಕಡೆ ಸಣ್ಣ ಅಕ್ಷರ ದೂರ ದೂರ ಬರೆಯಬೇಕು. ಒತ್ತಕ್ಷರ ಇರುವ ಪದಗಳು ನೆರಳಿಗೆ ಬಹಳ ಒಳ್ಳೇದು, ಸಾಲುಗಳ ನಡುವಿನ ಬಿಳಿಯನ್ನು ಅವು ತುಂಬುತ್ತವೆ. ನಮ್ಮ ಕನ್ನಡ ಅಕ್ಷರ ದುಂಡಗಿರುವುದರಿಂದ ಕೆನ್ನೆಗೆ ಚೆನ್ನಾಗಿ ಹೊಂದುತ್ತದೆ. ಕೊನೆಗೆ ಕೆಳಗಿನ ಫೋಟೋ ತೆಗೆದುಬಿಟ್ಟರೆ ಅಕ್ಷರ ಮಾತ್ರ ಉಳಿಯುತ್ತದೆ. ದೂರದಿಂದ ಮುಖ, ಹತ್ತಿರದಿಂದ ಬರಹ!

ನಾನು ಅಜ್ಜಿಯದು ಮಾಡುತ್ತೇನೆ ಅಂದೆ. ಅಜ್ಜಿ ಒಪ್ಪಲಿಲ್ಲ. "ನಾನಿನ್ನೂ ಬದುಕಿವ್ನಿ ಕಣ್ ಮಗಾ. ಫೋಟೋ ಕೆಳಗೆ ಹೆಸ್ರು ಬರ್ದು ಹಾರ ಹಾಕೋದು ಸತ್ತೋರಿಗೆ" ಅಂದಳು. ನಮ್ಮ ಮನೆಗಳಲ್ಲಿ ಹಾಗೇ ತಾನೇ? "ನಿನ್ನ ಹೆಸರು ಬರೆಯಲ್ಲ, ಏನು ಬರೀಬೇಕು ನೀನೇ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತನ್ನ ಮಕ್ಕಳ ಹೆಸರು ಹೇಳುತ್ತಾ ಹೋದಳು. ಒಟ್ಟು ಏಳು ಹೆಸರು. ನನಗೆ ಗೊತ್ತಿದ್ದದ್ದು ನಮ್ಮಮ್ಮ, ಮಾವ ಸೇರಿ ಐದೇ ಜನ. ಇನ್ನಿಬ್ಬರು ಮಾತು ಬರುವ ಮೊದಲೇ ತೀರಿಕೊಂಡರಂತೆ. ಅವರದು ಫೋಟೋ ಇಲ್ಲ. ಮಾವನಿಗೂ ಅವರ ಹೆಸರು ಗೊತ್ತಿರಲಿಲ್ಲ. ಅವರು ಬ್ರಷ್ ಕೆಳಗಿಟ್ಟು ಕೇಳುತ್ತಾ ಕೂತರು.

"ಅವೆರಡು ಎಲ್ಲಿ ಬರೀಲಿ ಅಜ್ಜಿ?" ಎಂದು ಕೇಳಿದೆ. "ಎಲ್ಲಾರ ಬರಿ, ಕಾಣೋ ಹಂಗೆ ಬರಿ" ಅಂದಳು. ನೆರಳಿನಲ್ಲಿ ಬರೆದರೆ ಅಕ್ಷರ ಗುಂಪಿನಲ್ಲಿ ಸೇರಿಹೋಗುತ್ತದೆ. ಅಜ್ಜಿಯ ತಲೆಗೂದಲು ಪೂರ್ತಿ ಬಿಳಿ, ಅಲ್ಲಿ ಅಕ್ಷರ ಕಡಿಮೆ. ಅದಕ್ಕೇ ಆ ಎರಡು ಹೆಸರನ್ನು ಅಲ್ಲಿ ಒಂದೊಂದೇ ಸಲ, ಬಿಡಿಯಾಗಿ ಬರೆದೆ. ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಅವು ಎಲ್ಲಿವೆ ಎಂದು ಈಗ ಅವಳಿಗೆ ಗೊತ್ತು, ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾಳೆ.

ಚಿತ್ರದ ಜೆರಾಕ್ಸ್ ಪ್ರತಿಯನ್ನು ಈ ಲೇಖನದ ಪಕ್ಕದಲ್ಲೇ ಅಂಟಿಸಿದ್ದೇನೆ. ಮೊದಲು ದೂರ ನಿಂತು ನೋಡಿ, ಆಮೇಲೆ ಹತ್ತಿರ ಬಂದು ಓದಿ. ನೀವೂ ನಿಮ್ಮ ಮನೆಯ ಹಿರಿಯರದು ಮಾಡಿ. ಏನು ಬರೆಯಬೇಕು ಅಂತ ಮಾತ್ರ ಅವರನ್ನೇ ಕೇಳಿ.

– 7ನೇ ತರಗತಿ