ಶಾಂತಿನಿಕೇತನದ ಹಸಿಗೋಡೆ

ಕವಿ ರವೀಂದ್ರರು 1919ರಲ್ಲಿ ಬಂಗಾಲದ ಶಾಂತಿನಿಕೇತನದಲ್ಲಿ ತೆರೆದ ಕಲಾಭವನಕ್ಕೆ ನಾವು ಹೋದಾಗ, ಭಿತ್ತಿಚಿತ್ರದ ತರಗತಿಯಲ್ಲಿ ಜಪಾನ್, ಬಾಂಗ್ಲಾದೇಶ, ಶ್ರೀಲಂಕಾಗಳ ವಿದ್ಯಾರ್ಥಿಗಳ ನಡುವೆ ನಮಗೂ ಒಂದು ಕುಂಚ ದೊರೆಯಿತು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಒಣಗುತ್ತ ಅದು ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅಳಿಸಿ ತಿದ್ದುವಂತಿಲ್ಲ. ಭಾಷೆ ಬೇರೆಯಾದ ಆ ತರುಣರು ಮಾತಿಲ್ಲದೆಯೇ ಒಬ್ಬರಿಗೊಬ್ಬರು ಗಾರೆ ಕಲಸಿಕೊಡುತ್ತಿದ್ದರು. ಇದೂ ಕಾಯಕವೇ ಅಲ್ಲವೆ?

ಸಂಜೆ ಹಿಂದಿ ಭವನದಲ್ಲಿ ಬಿನೋದ ಬಿಹಾರಿ ಮುಖರ್ಜಿಯವರು 1946-47ರಲ್ಲಿ ಹೀಗೆಯೇ ಹಸಿಗಾರೆಯ ಮೇಲೆ ಬರೆದ ಮಧ್ಯಯುಗದ ಸಂತರನ್ನು ಕಂಡೆವು. ಒಂದು ಕಣ್ಣು ಹುಟ್ಟಿನಿಂದಲೇ ಕಾಣದು, ಇನ್ನೊಂದು ಮಂದ. ಆದರೂ ಮೂರು ಗೋಡೆ ತುಂಬಿಸಿದ ಕಲಾವಿದರವರು!

ನಮ್ಮ ಸೀಮೆಯ ಎಷ್ಟೋ ಹಳೆಯ ಮಠಗಳಲ್ಲಿ ಜಾತ್ರೆ ಬಂದಿತೆಂದು ಚಿತ್ರಗಳ ಮೇಲೆಯೇ ಸುಣ್ಣ ಬಳಿದುಬಿಟ್ಟರು. ಈ ಸಲ ಸುಣ್ಣ ಕಲಸುವ ಮುನ್ನ ಭಕ್ತರು ಗೋಡೆಯನ್ನೊಮ್ಮೆ ದೀಪ ಹಿಡಿದು ನೋಡಬೇಕೆಂದು ನಮ್ಮ ವಿನಂತಿ.