ಕುದುರೆಗೆ ಡೆಡ್‌ಲೈನ್ ಗೊತ್ತಿಲ್ಲ

ಆಫೀಸಲ್ಲಿ ಮೂರು ತಿಂಗಳಿಗೊಮ್ಮೆ ಗೋಲ್ ಬರೆದೂ ಬರೆದೂ ನಮಗೆಲ್ಲ ಅದೊಂದು ಚಟ ಆಗಿಬಿಟ್ಟಿದೆ. ತೂಕ ಇಳಿಸೋಕೂ ಒಂದು ಶೀಟ್, ಮನೆ ಸಾಲ ತೀರಿಸೋಕೂ ಒಂದು ಶೀಟ್. ಕುದುರೆ ಸವಾರಿ ಸ್ಪರ್ಧೆಗೂ ನಾನೊಂದು ಶೀಟ್ ಮಾಡ್ಕೊಂಡಿದ್ದೆ. ಮೊದಲ ಸಾಲಲ್ಲೇ ದಪ್ಪಕ್ಷರದಲ್ಲಿ 60% ಅಂತ ಇತ್ತು.

ನಾನು ಕಲೀತಿರೋದು ಡ್ರೆಸಾಜ್. ರೇಸ್ ಅಲ್ಲ, ಬೇಲಿ ಹಾರಿಸೋದೂ ಅಲ್ಲ. 20 ಮೀಟರ್ ಅಗಲ, 40 ಮೀಟರ್ ಉದ್ದದ ಮರಳಿನ ಅಂಗಳ. ಸುತ್ತ ಅಂಚಲ್ಲಿ ಎ, ಕೆ, ಇ, ಹೆಚ್, ಸಿ, ಎಂ, ಬಿ, ಎಫ್ ಅಂತ ಅಕ್ಷರಗಳು. ಎ ಕಡೆಯಿಂದ ಒಳಗೆ ಬಂದು, ನಡುವೆ ನಿಂತು ನಮಸ್ಕಾರ ಮಾಡಿ, ಹೇಳಿದ ಅಕ್ಷರದ ಹತ್ತಿರ ಹೇಳಿದ ಕೆಲಸ ಮಾಡಬೇಕು. ಇಲ್ಲಿ ಟ್ರಾಟ್, ಅಲ್ಲಿ ಒಂದು ಸುತ್ತು, ಆಮೇಲೆ ಕ್ಯಾಂಟರ್. ಒಂದೊಂದಕ್ಕೂ ಸೊನ್ನೆಯಿಂದ 10ರವರೆಗೆ ಅಂಕ, ಪಕ್ಕದಲ್ಲಿ ಜಡ್ಜ್ ಬರೆಸಿದ ಒಂದು ಸಾಲು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ನಮ್ಮವರು ಟೀಮ್ ಚಿನ್ನ ಗೆದ್ದಿದ್ದು ಇದರಲ್ಲೇ. 1982ರ ದೆಹಲಿ ಗೇಮ್ಸ್ ಆದಮೇಲೆ ಕುದುರೆ ಸವಾರಿಯಲ್ಲಿ ಬಂದ ಮೊದಲ ಚಿನ್ನ ಅದು. ಆ ಕ್ಲಿಪ್ ನೋಡಿಯೇ ನಾನು ಯಲಹಂಕದಾಚೆಯ ಒಂದು ಸವಾರಿ ಶಾಲೆಗೆ ಸೇರಿದ್ದು. ಆಗ ನನಗೆ 33. ತಡ ಆಯ್ತು ಅನ್ನೋರಿಗೆ ನನ್ನ ಉತ್ತರ ರೆಡಿ ಇದೆ: ಜಪಾನಿನ ಹಿರೋಷಿ ಹೋಕೆತ್ಸು 2012ರ ಲಂಡನ್ ಒಲಿಂಪಿಕ್ಸಲ್ಲಿ ಡ್ರೆಸಾಜ್ ಮಾಡಿದಾಗ ಅವರಿಗೆ 71.

ಮೊದಲ ಸ್ಪರ್ಧೇಲಿ 200ಕ್ಕೆ 108 ಬಂತು, ಅಂದ್ರೆ 54%. ಅರವತ್ತಕ್ಕೆ 120 ಬೇಕು. 'ಇನ್ನೂ ಚೆನ್ನಾಗಿ ಮಾಡ್ತೀನಿ' ಅನ್ನೋದು ಗೋಲ್ ಅಲ್ಲ, 12 ಅಂಕ ಅನ್ನೋದು ಗೋಲ್. ಅಂಕಪಟ್ಟಿ ಹರಡ್ಕೊಂಡು ಕೂತೆ. ಎರಡು ಸಲ ನಿಲ್ಲಿಸಿದ್ದಕ್ಕೂ ತಲಾ 4 ಕೊಟ್ಟಿದ್ರು. ಆರು ಮಾಡಿದ್ರೆ ನಾಲ್ಕು ಅಂಕ. ಟ್ರಾಟಿಂದ ಕ್ಯಾಂಟರಿಗೆ ಹೋಗೋದು ಎಡಕ್ಕೂ ಬಲಕ್ಕೂ 4. ಅಲ್ಲಿ ಇನ್ನೊಂದು ನಾಲ್ಕು. ನಾಲ್ಕು ಸುತ್ತುಗಳು ಮೊಟ್ಟೆ ಆಕಾರ ಅಂತ ಬರೆಸಿ 5 ಕೊಟ್ಟಿದ್ರು. ದುಂಡಗೆ ಮಾಡಿದ್ರೆ ಒಂದೊಂದಂತೆ ನಾಲ್ಕು. ಹನ್ನೆರಡು ಸಿಕ್ತು! ಇದಕ್ಕಿಂತ ಖುಷಿ ಕೊಟ್ಟ ಡೀಬಗ್ಗಿಂಗ್ ನನ್ನ ಕೆರಿಯರಲ್ಲಿ ಕಡಿಮೆ.

ಸ್ಪರ್ಧೆ ದಿನದಿಂದ ಹಿಂದಕ್ಕೆ ಎಣಿಸಿ 12 ವಾರದ ಪ್ಲಾನ್ ಬರೆದೆ. ಬುಧ, ಶನಿ, ಭಾನುವಾರ ಬೆಳಿಗ್ಗೆ ಆರಕ್ಕೆ ಸವಾರಿ. ಬುಧವಾರ ಅಲ್ಲಿಂದಲೇ ಹೆಬ್ಬಾಳದ ಫ್ಲೈಓವರ್ ದಾಟಿ ಒಂಬತ್ತೂವರೆ ಸ್ಟ್ಯಾಂಡ್‌ಅಪ್ಪಿಗೆ. ಮೊದಲ ನಾಲ್ಕು ವಾರ ಬರೀ ನಿಲ್ಲಿಸೋದು ಮತ್ತು ಸುತ್ತು. ಪೂರ್ತಿ ಟೆಸ್ಟನ್ನ ಕುದುರೆ ಮೇಲೆ ದಿನಾ ಮಾಡಬಾರದು ಅಂತ ಕೋಚ್ ಮೇಡಂ ಮೊದಲೇ ಹೇಳಿದ್ರು. ಅದು ಪಾಠ ಬಾಯಿಪಾಠ ಮಾಡ್ಕೊಂಡು, ನಾವು ಹೇಳೋ ಮುಂಚೇನೇ ಕ್ಯಾಂಟರ್ ಶುರು ಮಾಡಿಬಿಡುತ್ತೆ. ಹಾಗಾಗಿ ಬಾಯಿಪಾಠ ಎಲ್ಲ ನನ್ನ ಕಾಲಲ್ಲೇ. ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದು ನಾನೇ ಟ್ರಾಟ್ ಮಾಡ್ತಿದ್ದೆ. ಕೆಳಗಿನ ಮನೆ ಆಂಟಿ ಬಟ್ಟೆ ಒಣಗಿಸೋಕೆ ಬಂದವರು ಒಂದು ನಿಮಿಷ ನೋಡಿ, ಏನೂ ಕೇಳದೆ ಇಳಿದು ಹೋದ್ರು.

ಏಳನೇ ವಾರ ಊರಿಂದ ಅಪ್ಪ ಬಂದಿದ್ರು. ನಮ್ಮದು ಕುಣಿಗಲ್ ಕಡೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಸ್ಟಡ್ ಫಾರ್ಮ್ ಇರೋ ತಾಲೂಕು. ಆದ್ರೆ ನಮ್ಮ ಪಾಲಿಗೆ ಅದು ಬಸ್ಸಿಂದ ಕಾಣೋ ಕಾಂಪೌಂಡು ಅಷ್ಟೆ. ಅಪ್ಪ ಬದುಕಿದ್ದು ಎತ್ತುಗಳ ಜೊತೆ. ಲಾಯಕ್ಕೆ ಕರ್ಕೊಂಡು ಹೋದೆ.

"ಗೆದ್ರೆ ಏನ್ಲಾ ಕೊಡ್ತಾರೆ?"

"ಒಂದು ರಿಬ್ಬನ್ನು ಅಪ್ಪ."

ಅವರು ನಗಲಿಲ್ಲ. ಕುದುರೆಯ ಕುತ್ತಿಗೆ ಸವರಿ, ಬಗ್ಗಿ ಮುಂಗಾಲಿನ ಹಿಂಬದಿ ಮುಟ್ಟಿದ್ರು. ಇನ್ನೊಂದು ಕಾಲೂ ಮುಟ್ಟಿ ನೋಡಿದ್ರು. "ಈ ಕಾಲು ಬಿಸಿ ಐತಲ್ಲೋ."

ಸೈಸ್ ಓಡಿಬಂದ. ಹಿಂದಿನ ಸಂಜೆ ಮುಟ್ಟಿದಾಗ ಇರಲಿಲ್ಲ ಅಂದ. ಮಧ್ಯಾಹ್ನ ಡಾಕ್ಟರ್ ಬಂದು ಸ್ಕ್ಯಾನ್ ಮಾಡಿದ್ರು. ಟೆಂಡನ್ ಎಳೆದಿದೆ, ಮೂರು ತಿಂಗಳು ಸವಾರಿ ಬೇಡ. ಸ್ಪರ್ಧೆಗೆ ಐದು ವಾರ ಉಳಿದಿತ್ತು, ಫೀಸು ಕಟ್ಟಾಗಿತ್ತು.

ಶಾಲೆಯಲ್ಲಿ ಇನ್ನೊಂದು ಕುದುರೆ ಕೊಡ್ತೀವಿ ಅಂದ್ರು. ಡ್ರೆಸಾಜಲ್ಲಿ ಚೆನ್ನಾಗಿ ಪಳಗಿದ್ದು, ಮೇಲೆ ಯಾರು ಕೂತರೂ ಅರವತ್ತು ಬರುತ್ತೆ ಅಂತ ಅದರ ಖ್ಯಾತಿ. ರಾತ್ರಿ ಶೀಟ್ ತೆಗೆದು ಕೂತೆ. ಕುದುರೆ ಬದಲಾಗೋದು ಈ ಆಟದಲ್ಲಿ ಹೊಸದಲ್ಲ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸಿಗೆ ಮೊದಲು ದಜಾರಾ ಅನ್ನೋ ಕುದುರೆಯನ್ನ ಆರಿಸಿ, ಕೊನೆಗೆ ಹೋಗಿದ್ದು ಸೀನ್ಯೊರ್ ಮೆಡಿಕಾಟ್ ಜೊತೆ. ಆದ್ರೆ ಅದು ಅವರಿಗೆ ಗುರುತಿಲ್ಲದ ಕುದುರೆಯಲ್ಲ. 2018ರ ಜಕಾರ್ತಾದಲ್ಲಿ ಬೆಳ್ಳಿ ಗೆದ್ದಿದ್ದು ಅದರ ಮೇಲೇ. ಟೋಕಿಯೋದಲ್ಲಿ ಅವರ ವಿಭಾಗ ಇವೆಂಟಿಂಗ್. ಡ್ರೆಸಾಜ್ ಮುಗಿದಾಗ 9ನೇ ಸ್ಥಾನ, ಕ್ರಾಸ್ ಕಂಟ್ರಿ ಮತ್ತು ಜಂಪಿಂಗ್ ಎಲ್ಲ ಸೇರಿ ಕೊನೆಗೆ 23. ಬರೀ 23 ಅಂತ ಓದಿದ್ರೆ ಆ ಡ್ರೆಸಾಜ್ ಎಷ್ಟು ಚೆನ್ನಾಗಿತ್ತು ಅಂತ ಗೊತ್ತೇ ಆಗಲ್ಲ.

60% ಅನ್ನೋ ಸಾಲನ್ನ ಅಳಿಸಿದೆ. ಹೊಸ ಕುದುರೆ ಅದನ್ನ ತಂದುಕೊಟ್ಟರೆ ಆ ಅಂಕ ಅದರದ್ದು. ನನ್ನದು ಅಂತ ಉಳಿಯೋದನ್ನ ಮಾತ್ರ ಇಟ್ಕೊಂಡೆ: ಎರಡು ಸಲ ನಿಲ್ಲಿಸೋದಕ್ಕೂ ತಲಾ 6, ನಾಲ್ಕು ಸುತ್ತು ದುಂಡಗೆ. ಕ್ಯಾಂಟರ್ ಸಾಲು ಹಾಗೇ ಬಿಟ್ಟೆ, ಐದು ವಾರಕ್ಕೆ ಅದು ಆಗಲ್ಲ.

ಒಟ್ಟು 57.5% ಬಂತು. ಮೊದಲನೇ ಸಲ ನಿಲ್ಲಿಸಿದ್ದಕ್ಕೆ 6.5, ಕೊನೆಯದಕ್ಕೆ 6. ಸುತ್ತುಗಳಲ್ಲಿ ಮೂರು ದುಂಡಗಾದವು, ಒಂದು ಮತ್ತೆ ಮೊಟ್ಟೆ. ಯಾರು ಕೂತರೂ ಅರವತ್ತು ಅನ್ನೋ ಮಾತಂತೂ ಸುಳ್ಳು.

ಈಗ ಭಾನುವಾರ ಬೆಳಿಗ್ಗೆ ಹಳೇ ಕುದುರೆಯನ್ನ ಹಗ್ಗ ಹಿಡಿದು ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ನಡೆಸ್ತೀನಿ. ಡಾಕ್ಟರ್ ಹೇಳಿದ್ದು ಅಷ್ಟೇ. ಮುಂದಿನ ಸ್ಕ್ಯಾನ್ ಆಗೋವರೆಗೆ ಶೀಟಲ್ಲಿ ಸ್ಪರ್ಧೆ ದಿನಾಂಕದ ಕಾಲಂ ಖಾಲಿ. ಅಪ್ಪ ಫೋನಲ್ಲಿ ಮೊದಲು ಕೇಳೋದು ಆ ಕಾಲಿನ ವಿಚಾರ, ಆಮೇಲೆ ನನ್ನ ಊಟ.